ಮಾರ್ಚ್‌ನಿಂದ ಜೂನ್‌ವರೆಗಿನ ಹಿಮಾಲಯ: ಹಿಮಕುಸಿತದ ಬಗ್ಗೆ ಚಾರಣಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆಗಳು ಮುಗಿದು ರಜೆ ಸಿಕ್ಕ ಕೂಡಲೇ ಕರ್ನಾಟಕದಿಂದ ಬಹಳ ಮಂದಿ ಉತ್ತರಾಖಂಡ, ಹಿಮಾಚಲ, ಸಿಕ್ಕಿಂ, ನೇಪಾಳಗಳ ಕಡೆ ಹೊರಡುತ್ತಾರೆ. ಮಳೆ, ಹೊಳೆ, ಜಿಗಣೆ, ಜಾರುವ ಬಂಡೆ ಇವೆಲ್ಲ ನಮಗೆ ಗೊತ್ತು. ಹಿಮ ಗೊತ್ತಿಲ್ಲ. ಕುಮಾರ ಪರ್ವತವನ್ನು ಹತ್ತಾರು ಬಾರಿ ಹತ್ತಿದವರೂ ಹಿಮದ ಇಳಿಜಾರಿನ ಮುಂದೆ ಹೊಸಬರೇ. ಹೊರಡುವ ಮೊದಲು ಹೆಚ್ಚಿನವರು ಕೇಳುವ ಪ್ರಶ್ನೆಗಳನ್ನೂ, ಕೇಳಲೇಬೇಕಾದರೂ ಯಾರೂ ಕೇಳದ ಕೆಲವನ್ನೂ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ.

ಚಳಿಗಾಲ ಮುಗಿದ ಮೇಲೆ ಹಿಮಕುಸಿತದ ಭಯ ಇರುವುದಿಲ್ಲ ಅಲ್ಲವೇ?

ಇರುತ್ತದೆ. ಅದರ ಸ್ವರೂಪ ಬದಲಾಗುತ್ತದೆ, ಅಷ್ಟೆ.

ಸಿಕ್ಕಿಂನಲ್ಲಿ ಗ್ಯಾಂಗ್ಟಾಕ್‌ನಿಂದ ನಾಥುಲಾಗೆ ಹೋಗುವ ರಸ್ತೆಯ ಪಕ್ಕದಲ್ಲಿ 2023ರ ಏಪ್ರಿಲ್ 4ರಂದು ನಡುಹಗಲಿನಲ್ಲಿ ಹಿಮ ಕುಸಿದು 7 ಪ್ರವಾಸಿಗರು ಸತ್ತರು. ಉತ್ತರಾಖಂಡದ ನೀತಿ ಕಣಿವೆಯ ಸುಮ್ನಾ ಬಳಿ ಗಡಿ ರಸ್ತೆ ಸಂಸ್ಥೆಯ ಕಾರ್ಮಿಕರ ಶಿಬಿರದ ಮೇಲೆ ಹಿಮ ಬಿದ್ದದ್ದು 2021ರ ಏಪ್ರಿಲ್ 23ರಂದು. ಬದರೀನಾಥದ ಆಚೆಯ ಮಾಣಾದಲ್ಲಿ 54 ಕಾರ್ಮಿಕರು ಹಿಮದಡಿ ಸಿಲುಕಿ, 46 ಮಂದಿ ಪಾರಾಗಿ, 8 ಮಂದಿ ಪ್ರಾಣ ಬಿಟ್ಟದ್ದು 2025ರ ಫೆಬ್ರುವರಿ 28ರಂದು. ಲಾಹೌಲ್ ಕಣಿವೆಯ ಹಿರಿಯರು ಇಂದಿಗೂ ನೆನೆಯುವ ಮಹಾ ಹಿಮಕುಸಿತಗಳು 1979ರ ಮಾರ್ಚ್ ತಿಂಗಳಿನವು.

ಕ್ಯಾಲೆಂಡರ್ ಪ್ರಕಾರ ಬೇಸಿಗೆ ಬಂದಿರಬಹುದು. 3,500 ಮೀಟರ್ ಮೇಲೆ ಚಳಿಗಾಲವಿಡೀ ಬಿದ್ದ ಹಿಮ ಆಗಿನ್ನೂ ಅಲ್ಲಿಯೇ ಇರುತ್ತದೆ. ಅದು ಕೆಳಗಿಳಿಯಲೇಬೇಕು. ಸ್ವಲ್ಪ ನೀರಾಗಿ ಇಳಿಯುತ್ತದೆ, ಸ್ವಲ್ಪ ಕುಸಿತವಾಗಿ.

ವಸಂತದ ಹಿಮದಲ್ಲಿ ಅಂಥದ್ದೇನು ಬದಲಾಗುತ್ತದೆ?

ಚಳಿಗಾಲದ ದೊಡ್ಡ ಅಪಾಯ ಒಣ ಹಿಮದ ಹಲಗೆ. ಗಟ್ಟಿಯಾದ ಒಂದು ಪದರ, ಅದರ ಕೆಳಗೆ ಸಕ್ಕರೆಯಂತೆ ಉದುರುವ ದುರ್ಬಲ ಪದರ. ಮೇಲೆ ಒಬ್ಬ ಕಾಲಿಟ್ಟರೆ ಸಾಕು, ದುರ್ಬಲ ಪದರ ಕುಸಿದು ಇಡೀ ಹಲಗೆ ಬಿರುಕು ಬಿಟ್ಟು ಜಾರುತ್ತದೆ. ಅದರ ವೇಗ ಗಂಟೆಗೆ 100 ಕಿಲೋಮೀಟರನ್ನೂ ಮೀರಬಹುದು.

ವಸಂತದಲ್ಲಿ ಕೆಲಸ ಮಾಡುವುದು ನೀರು. ಬಿಸಿಲಿಗೆ ಮೇಲಿನ ಹಿಮ ಕರಗಿ, ಆ ನೀರು ಹರಳುಗಳ ನಡುವೆ ಇಳಿಯುತ್ತದೆ. ಹರಳುಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬೆಸುಗೆಯನ್ನೇ ಅದು ಕರಗಿಸಿಬಿಡುತ್ತದೆ. ಆಗ ಎರಡು ಬಗೆಯ ಕುಸಿತಗಳು ಆಗುತ್ತವೆ. ಒಂದು, ಒಂದೇ ಬಿಂದುವಿನಿಂದ ಶುರುವಾಗಿ ಬೀಸಣಿಗೆಯಾಕಾರದಲ್ಲಿ ಅಗಲವಾಗುತ್ತ ಇಳಿಯುವುದು. ಕಣದಲ್ಲಿ ರಾಗಿ ರಾಶಿಯ ನೆತ್ತಿಯಿಂದ ಒಂದು ಹಿಡಿ ಜಾರಿದರೆ ದಾರಿಯಲ್ಲಿದ್ದ ಕಾಳುಗಳನ್ನೂ ಸೇರಿಸಿಕೊಂಡು ಬರುತ್ತದಲ್ಲ, ಹಾಗೆ. ಇನ್ನೊಂದು ಹೆಚ್ಚು ಭಯಾನಕ: ನೀರು ಆಳದ ದುರ್ಬಲ ಪದರದವರೆಗೂ ಇಳಿದು, ಒದ್ದೆ ಹಲಗೆ ಇಡಿಯಾಗಿ ಕಳಚಿಕೊಳ್ಳುವುದು. ಕೆಲವೊಮ್ಮೆ ನೆಲದವರೆಗಿನ ಅಷ್ಟೂ ಹಿಮ ಕಿತ್ತುಕೊಂಡು ಬಂದು ಹುಲ್ಲು, ಕಲ್ಲು ಬಯಲಾಗುತ್ತವೆ.

ಒದ್ದೆ ಹಿಮ ಒಣ ಹಿಮಕ್ಕಿಂತ ನಿಧಾನವಾಗಿ ಬರುತ್ತದೆ. ಓಡಿ ತಪ್ಪಿಸಿಕೊಳ್ಳಬಹುದು ಎಂದು ಯಾರೂ ಎಣಿಸಬಾರದು. ಹೊಸದಾಗಿ ಬಿದ್ದ ಒಂದು ಘನ ಮೀಟರ್ ಹಿಮ 100 ಕಿಲೋ ತೂಗುವಲ್ಲಿ ಒದ್ದೆ ಹಿಮ 300ರಿಂದ 500 ಕಿಲೋ ತೂಗುತ್ತದೆ. ಅದು ನಿಂತ ಕ್ಷಣದಲ್ಲಿ ಗಟ್ಟಿಯಾಗಿ, ಒಳಗಿರುವವರಿಗೆ ಒಂದು ಬೆರಳನ್ನು ಅಲುಗಿಸಲೂ ಆಗುವುದಿಲ್ಲ.

ಹಾಗಾದರೆ ಸುರಕ್ಷಿತವಾಗಿ ನಡೆಯುವ ಸಮಯವೇ ಇಲ್ಲವೇ?

ಇದೆ. ಅದು ಗಡಿಯಾರದಲ್ಲಿದೆ. ವಸಂತದ ಹಿಮದ ಬಗ್ಗೆ ಒಂದೇ ವಿಷಯ ನೆನಪಿಡುವುದಾದರೆ ಇದನ್ನೇ ನೆನಪಿಡಿ: ಅದೇ ಇಳಿಜಾರು ಬೆಳಗ್ಗೆ 5 ಗಂಟೆಗೆ ಸೇತುವೆಯಷ್ಟು ಗಟ್ಟಿ, ಮಧ್ಯಾಹ್ನ 1 ಗಂಟೆಗೆ ನಂಬಿಕೆಗೆ ಅರ್ಹವಲ್ಲ.

ಹಗಲು ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ ಹರಳುಗಳನ್ನು ಬಿಗಿಯಾಗಿ ಬೆಸೆಯುತ್ತದೆ. ಚೆನ್ನಾಗಿ ಹೆಪ್ಪುಗಟ್ಟಿದ ಹಿಮ, ಮುಂಜಾನೆಯ ಕೆಲವು ಗಂಟೆಗಳ ಕಾಲ, ವರ್ಷದಲ್ಲೇ ಅತ್ಯಂತ ಭರವಸೆಯ ಹಿಮ. ಆದ್ದರಿಂದಲೇ ರೂಪಿನ್ ಪಾಸ್‌ನಂಥ ಚಾರಣಗಳಲ್ಲಿ, ಪಾಸ್‌ಗೆ, ಅಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ಕಂಡಿಗೆ, ಏರುವ ಆ ಕಡಿದಾದ ಹಿಮದ ನಾಲಾವನ್ನು (ಕಿರಿದಾದ ಕೊರಕಲನ್ನು) ಬೇಗ ದಾಟಲೆಂದು ಕತ್ತಲಲ್ಲೇ ಎಬ್ಬಿಸಿ ಹೊರಡಿಸುತ್ತಾರೆ. ಇದನ್ನು ಶಿಸ್ತಿನ ಹೆಸರಿನ ಕಿರುಕುಳ ಎಂದು ತಿಳಿಯಬೇಡಿ. ನಾಲಾದಲ್ಲಿ ಹಿಮ ಸಡಿಲಗೊಂಡಂತೆ ಅದು ಹಿಡಿದಿಟ್ಟ ಕಲ್ಲುಗಳೂ ಸಡಿಲಗೊಳ್ಳುತ್ತವೆ, ಮಧ್ಯಾಹ್ನದ ಹೊತ್ತಿಗೆ ಅವು ಉರುಳಲು ಶುರುಮಾಡುತ್ತವೆ.

ಹೊಳೆಗಳ ಮೇಲಿನ ಹಿಮಸೇತುವೆಗಳಿಗೂ ಇದೇ ಲೆಕ್ಕ. ಮೇ, ಜೂನ್‌ನಲ್ಲಿ ಅವು ಒಳಗಿನಿಂದ ಟೊಳ್ಳಾಗಿರುತ್ತವೆ. ಬೆಳಗ್ಗೆ ಹೇಸರಗತ್ತೆಗಳ ಸಾಲು ದಾಟಿದ ಸೇತುವೆ ಸಂಜೆ ಒಬ್ಬನ ಭಾರಕ್ಕೂ ಮುರಿಯಬಹುದು.

ರಾತ್ರಿ ಹಿಮ ಹೆಪ್ಪುಗಟ್ಟಿದೆಯೋ ಇಲ್ಲವೋ ಎಂದು ನಾನೇ ತಿಳಿಯುವುದು ಹೇಗೆ?

ಮೊದಲು ಆಕಾಶ ನೋಡಿ. ರಾತ್ರಿ ಎದ್ದಾಗ ಟೆಂಟಿನಿಂದ ತಲೆ ಹೊರಹಾಕಿ. ನಕ್ಷತ್ರಗಳು ಸ್ಪಷ್ಟವಾಗಿ ಕಂಡರೆ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣಿಯುತ್ತಿದೆ ಎಂದರ್ಥ. ಗಾಳಿಯ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಒಣ ಹವೆಯಲ್ಲಿ ಹಿಮದ ಮೇಲ್ಮೈ ಹೆಪ್ಪುಗಟ್ಟಬಲ್ಲದು. ಮೋಡ ಮುಸುಕಿದ್ದರೆ ಆ ಶಾಖ ಹೊರಹೋಗುವುದಿಲ್ಲ. ಮೋಡ ಕವಿದ ಬೆಚ್ಚಗಿನ ರಾತ್ರಿ ನಿದ್ದೆಗೆ ಹಿತ, ಮರುದಿನದ ದಾರಿಗೆ ಕೆಟ್ಟದ್ದು. ಹಿಮದ ಮೇಲೆ ಮಳೆ ಬಿದ್ದರಂತೂ ಇನ್ನೂ ಕೆಟ್ಟದ್ದು.

ಬೆಳಗ್ಗೆ ಬೂಟಿನ ಹಿಮ್ಮಡಿಯಿಂದ ಜೋರಾಗಿ ತುಳಿದು ನೋಡಿ. ಗುರುತು ಮಾತ್ರ ಬಿದ್ದರೆ ಒಳ್ಳೆಯದು. ಮೇಲೆ ಎರಡು ಬೆರಳಷ್ಟು ಗಟ್ಟಿ ಹೊರಪದರ ಇದ್ದು, ಅದು ಮುರಿದು ಕಾಲು ಕೆಸರಿನಂಥ ಹಿಮಕ್ಕೆ ಇಳಿದರೆ ಆ ರಾತ್ರಿ ನಿಜವಾಗಿ ಹೆಪ್ಪುಗಟ್ಟಿಲ್ಲ. ಮೇಲ್ಮೈ ಮಾತ್ರ ನಿಮ್ಮನ್ನು ಮೋಸಗೊಳಿಸುತ್ತಿದೆ. ಅದು ಬಿಸಿಲು ಬಿದ್ದ ಅರ್ಧ ಗಂಟೆಯೂ ಬಾಳುವುದಿಲ್ಲ.

ನಡೆಯುತ್ತ ಹೋದಂತೆ ಕಾಲು ಎಷ್ಟು ಹೂತುಹೋಗುತ್ತಿದೆ ಎಂಬುದನ್ನು ಗಮನಿಸುತ್ತಿರಿ. ಹೊತ್ತೇರಿದಂತೆ ಕಣಕಾಲಿನವರೆಗೆ ಇಳಿಯತೊಡಗಿದರೆ ಕಡಿದಾದ ಇಳಿಜಾರು ಬಿಟ್ಟು ಹೊರಡುವ ಸಮಯ ಬಂದಿದೆ. ಮೊಣಕಾಲಿನವರೆಗೆ ಇಳಿಯುತ್ತಿದ್ದರೆ ನೀವು ಆಗಲೇ ತಡಮಾಡಿದ್ದೀರಿ. ಇಳಿಜಾರಿನಲ್ಲಿ ತಾವಾಗಿಯೇ ಉರುಳಿ ಬರುವ ಹಿಮದ ಉಂಡೆಗಳು, ಸುರುಳಿ ಸುತ್ತಿಕೊಂಡ ಹಿಮದ ಚಕ್ರಗಳು ಇನ್ನೊಂದು ಲಕ್ಷಣ. ಅವು ನೋಡಲು ಚೆಂದ, ಮಕ್ಕಳು ಫೋಟೊ ತೆಗೆಯುತ್ತಾರೆ. ಮೇಲ್ಪದರ ಹಿಡಿತ ಬಿಡುತ್ತಿದೆ ಎಂದು ಅವು ಹೇಳುತ್ತಿರುತ್ತವೆ.

ಸತತ ಎರಡು ಮೂರು ರಾತ್ರಿ ಹೆಪ್ಪುಗಟ್ಟದೇ ಹೋದರೆ ಆ ಕಣಿವೆಯ ಕಡಿದಾದ ಇಳಿಜಾರುಗಳ ಕೆಳಗೆ ಹೋಗುವ ಯೋಚನೆಯನ್ನೇ ಬಿಡಿ. ನೀರು ಆಳಕ್ಕಿಳಿದು ದೊಡ್ಡ ಒದ್ದೆ ಹಲಗೆಗಳು ಕಳಚುವುದು ಇಂಥ ದಿನಗಳಲ್ಲಿ.

ಎಲ್ಲ ದಿಕ್ಕಿನ ಇಳಿಜಾರುಗಳೂ ಒಂದೇ ಹೊತ್ತಿಗೆ ಸಡಿಲವಾಗುತ್ತವೆಯೇ?

ಇಲ್ಲ. ಪೂರ್ವಕ್ಕೆ ಮುಖ ಮಾಡಿದವು ಮೊದಲು, ಆಮೇಲೆ ದಕ್ಷಿಣದವು, ಮಧ್ಯಾಹ್ನದ ನಂತರ ಪಶ್ಚಿಮದವು. ಉತ್ತರ ಮುಖದ ಇಳಿಜಾರುಗಳು ಚಳಿಗಾಲದ ಒಣ ಹಿಮವನ್ನು ಬಹಳ ದಿನ ಉಳಿಸಿಕೊಂಡಿರುತ್ತವೆ. ಅಲ್ಲಿ ಅಪಾಯ ತಡವಾಗಿ ಬರುತ್ತದೆ, ಆದರೆ ಮೇ ತಿಂಗಳ ಬಿಸಿ ಮೊದಲ ಬಾರಿ ಅಲ್ಲಿಗೆ ತಲುಪಿದಾಗ ದೊಡ್ಡದಾಗಿಯೇ ಬರುತ್ತದೆ. ನಕ್ಷೆ ಹರಡಿಕೊಂಡು ನಿಮ್ಮ ದಾರಿ ಯಾವ ಹೊತ್ತಿಗೆ ಯಾವ ಮುಖದ ಕೆಳಗೆ ಹಾಯುತ್ತದೆ ಎಂದು ಹಿಂದಿನ ಸಂಜೆಯೇ ಗುರುತು ಹಾಕಿ. ಬಂಡೆಗಳ ಪಕ್ಕದ ಹಿಮ ಬೇಗ ಸಡಿಲವಾಗುತ್ತದೆ. ಬಿಸಿಲಿಗೆ ಕಾದ ಕಲ್ಲು ಸುತ್ತಲಿನ ಹಿಮವನ್ನು ಕರಗಿಸುತ್ತಿರುತ್ತದೆ.

ಯಾವ ಇಳಿಜಾರು ಅಪಾಯದ್ದು? ಅಳೆಯುವುದು ಸಾಧ್ಯವೇ?

ಹಲಗೆಯಾಗಿ ಕಳಚುವ ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಶುರುವಾಗುತ್ತವೆ. ಅದಕ್ಕಿಂತ ಕಡಿದಾದಲ್ಲಿ ಹಿಮ ಹೆಚ್ಚು ನಿಲ್ಲದೆ ಆಗಾಗ ಉದುರುತ್ತಿರುತ್ತದೆ. 30ಕ್ಕಿಂತ ಕಡಿಮೆ ಇದ್ದಲ್ಲಿ ಶುರುವಾಗುವುದು ಅಪರೂಪ; ಆದರೂ ಬಹಳ ಒದ್ದೆಯಾದ ಹಿಮ ಇನ್ನೂ ಸೌಮ್ಯವಾದ ಇಳಿಜಾರಿನಲ್ಲಿ ಜಾರಿದ್ದುಂಟು.

ಅಳೆಯಲು ಚಾರಣದ ಎರಡು ಕೋಲು ಸಾಕು. ಎರಡನ್ನೂ ಒಂದೇ ಉದ್ದಕ್ಕೆ ಹೊಂದಿಸಿ. ಒಂದನ್ನು ಇಳಿಜಾರಿನ ಮೇಲೆ ನೇರವಾಗಿ ನಿಲ್ಲಿಸಿ. ಅದರ ತುದಿಯಿಂದ ಇನ್ನೊಂದನ್ನು ಬೆಟ್ಟದ ಕಡೆಗೆ ಅಡ್ಡಲಾಗಿ, ನಿಂತ ನೀರಿನ ಮಟ್ಟದಂತೆ ಸಮತಲವಾಗಿ ಹಿಡಿಯಿರಿ. ಅಡ್ಡ ಕೋಲಿನ ತುದಿ ಸರಿಯಾಗಿ ಹಿಮವನ್ನು ಮುಟ್ಟಿದರೆ ಅದು 45 ಡಿಗ್ರಿ. ಮುಟ್ಟಲು ಇನ್ನೂ ಮುಕ್ಕಾಲು ಕೋಲಿನಷ್ಟು ಕಡಿಮೆ ಬಿದ್ದರೆ 30 ಡಿಗ್ರಿ. ಕೋಲನ್ನು ಹಿಮದ ಮೇಲೆ ಮಲಗಿಸಿ ಅದರ ಮೇಲೆ ಮೊಬೈಲ್ ಇಟ್ಟು ಕೋನ ಅಳೆಯುವ ಆ್ಯಪ್‌ನಲ್ಲೂ ನೋಡಬಹುದು. ಸುರಕ್ಷಿತ ಜಾಗದಲ್ಲಿ ಇದನ್ನು ಅಭ್ಯಾಸ ಮಾಡಿ ಕಣ್ಣಿಗೆ ರೂಢಿ ಮಾಡಿಸಿ. ಅಪಾಯದ ಇಳಿಜಾರಿನ ನಡುವೆ ನಿಂತು ಅಳೆಯುವುದಲ್ಲ.

ನಾನು ನಡೆಯುವ ದಾರಿ ಸಮತಟ್ಟಾಗಿದೆ. ನನಗೆ ಇದರ ಚಿಂತೆ ಏಕೆ?

ಇದು ಬಹಳ ಜನ ಎಡವುವ ಜಾಗ. ಕುಸಿತ ಶುರುವಾಗಲು ಕಡಿದಾದ ಇಳಿಜಾರು ಬೇಕು. ಬಂದು ತಲುಪಲು ಬೇಡ. ಅದು ಸಮತಟ್ಟಾದ ಕಣಿವೆ ತಳದಲ್ಲೂ ನೂರಾರು ಮೀಟರ್ ಹರಿಯುತ್ತದೆ.

ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪ್ ದಾರಿಯನ್ನೇ ನೋಡಿ. ಹಗ್ಗ ಬೇಡ, ಪರ್ವತಾರೋಹಣದ ಅನುಭವ ಬೇಡ, ದಾರಿಯುದ್ದಕ್ಕೂ ಟೀ ಅಂಗಡಿಗಳಿವೆ. ಆ ದಾರಿಯ ದೇವುರಾಲಿ ಬಳಿ 2020ರ ಜನವರಿ 17ರಂದು ಹಿಮ ಕುಸಿದು ದಕ್ಷಿಣ ಕೊರಿಯಾದ ನಾಲ್ವರೂ ನೇಪಾಳದ ಮೂವರೂ ಸತ್ತರು. ಅಲ್ಲಿ ಮೇಲೆ ಹಿಯುಂಚುಲಿ ಶಿಖರದ ಇಳಿಜಾರುಗಳಿವೆ. ಕೆಳಗೆ ನಡೆಯುವವರಿಗೆ ಅವು ಕಾಣುವುದೇ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗುವ ಕನ್ನಡಿಗರು ಬಹಳ. ಆ ಭಾಗವನ್ನು ಬೆಳಗ್ಗೆಯೇ ದಾಟಿ, ಕೆಳಗೆ ನಿಲ್ಲಬೇಡಿ.

ಕುಸಿತದ ಹಳೆಯ ದಾರಿಗಳನ್ನು ಗುರುತಿಸಲು ಮರಗಳನ್ನು ನೋಡಿ. ದೇವದಾರು ಕಾಡಿನ ನಡುವೆ ಮೇಲಿನಿಂದ ಕೆಳಗಿನವರೆಗೆ ಮರವೇ ಇಲ್ಲದ ಪಟ್ಟಿ ಕಂಡರೆ ಅದು ಹಿಮ ಹರಿಯುವ ದಾರಿ. ಭೂರ್ಜ ಮರಗಳ ಕಾಂಡ ಬುಡದಲ್ಲೇ ಕೆಳಮುಖವಾಗಿ ಬಾಗಿ, ಆಮೇಲೆ ಮೇಲೆದ್ದಿರುತ್ತವೆ. ಮರದಲ್ಲಿ ಬೆಟ್ಟದ ಕಡೆಗಿನ ಕೊಂಬೆಗಳು ಮುರಿದು ಹೋಗಿ ಕಣಿವೆಯ ಕಡೆಗಿನವು ಮಾತ್ರ ಉಳಿದಿದ್ದರೆ ಅದೂ ಅದೇ ಕಥೆ. ಇಂಥ ಜಾಗದಲ್ಲಿ ಟೆಂಟ್ ಹಾಕಿದ್ದರೆ ಎದ್ದು ಹೋಗಿ ಗೈಡ್‌ನನ್ನು ಕೇಳಿ. ಸಂಕೋಚ ಬೇಡ.

ನಿನ್ನೆ ಹೊಸ ಹಿಮ ಬಿದ್ದಿದೆ, ಇವತ್ತು ಆಕಾಶ ನಿರ್ಮಲವಾಗಿದೆ. ಹೊರಡಲು ಇದಕ್ಕಿಂತ ಒಳ್ಳೆಯ ದಿನ ಉಂಟೇ?

ಚಿತ್ರಕ್ಕೆ ಒಳ್ಳೆಯ ದಿನ, ನಡೆಯಲು ಅಲ್ಲ. ಪಶ್ಚಿಮದ ಕಡೆಯಿಂದ ಬರುವ ವಾಯುಭಾರ ಕುಸಿತಗಳು ಏಪ್ರಿಲ್‌ವರೆಗೂ, ಕೆಲವು ವರ್ಷ ಮೇ ತಿಂಗಳಲ್ಲೂ ಹಿಮಾಲಯಕ್ಕೆ ಹೊಸ ಹಿಮ ತರುತ್ತವೆ. ಹಳೆಯ ಗಟ್ಟಿ ಹಿಮದ ಮೇಲೆ ಬಿದ್ದ ಒಂದು ಅಡಿ ಹೊಸ ಹಿಮಕ್ಕೆ ಏಪ್ರಿಲ್‌ನ ಬಿಸಿಲು ನೇರವಾಗಿ ತಾಗಿದರೆ ಅದು ಕೆಲವೇ ಗಂಟೆಗಳಲ್ಲಿ ಒದ್ದೆಯಾಗಿ ಜಾರತೊಡಗುತ್ತದೆ. ಬಿರುಗಾಳಿ ಕಳೆದ ಮೊದಲ ಬಿಸಿಲಿನ ದಿನವೇ ಅತ್ಯಂತ ಎಚ್ಚರದ ದಿನ. ಗಾಳಿಯಿದ್ದರೆ ಬೆಟ್ಟದ ಏಣಿನ (ನೆತ್ತಿಸಾಲಿನ) ಮರೆಬದಿಯಲ್ಲಿ ಇನ್ನಷ್ಟು ಹಿಮ ರಾಶಿ ಬಿದ್ದು ಹಲಗೆಗಟ್ಟಿರುತ್ತದೆ. ಒಂದು ದಿನ ಕ್ಯಾಂಪಿನಲ್ಲಿ ಕಾಯಿರಿ, ಎರಡು ದಿನವಾದರೂ ಸರಿ. ಯೋಜನೆಯಲ್ಲಿ ಆ ಬಿಡುವು ದಿನಗಳು ಮೊದಲೇ ಇರಬೇಕು. ಭಾನುವಾರ ರಾತ್ರಿ ಬೆಂಗಳೂರಿಗೆ ವಿಮಾನ ಹಿಡಿಯಲೇಬೇಕೆಂದು ಹೊರಟವರಿಗೆ ಕಾಯುವ ಧೈರ್ಯ ಬರುವುದಿಲ್ಲ.

ಕಾರ್ನಿಸ್ ಎಂದರೇನು?

ಗಾಳಿ ಏಣಿನ ಅಂಚಿನಲ್ಲಿ ಕಟ್ಟುವ, ಹೊರಕ್ಕೆ ಚಾಚಿದ ಹಿಮದ ಚಾವಣಿ. ಮೇಲೆ ನಿಂತವರಿಗೆ ನೆಲದಂತೆಯೇ ಕಾಣುತ್ತದೆ, ಕೆಳಗೆ ಏನೂ ಇರುವುದಿಲ್ಲ. ವಸಂತದ ಬಿಸಿಗೆ ಇವು ಮುರಿಯುತ್ತವೆ, ಮುರಿಯುವ ಗೆರೆ ಅಂದಾಜಿಗಿಂತ ಬಹಳ ಹಿಂದೆಯೇ ಇರುತ್ತದೆ. ಬಿದ್ದ ಭಾರಕ್ಕೆ ಕೆಳಗಿನ ಇಳಿಜಾರೂ ಕಳಚಬಹುದು. ಶಿಖರದಲ್ಲಿ ಅಂಚಿಗೆ ಹೋಗಿ ಸೆಲ್ಫಿ ತೆಗೆಯುವುದನ್ನು ಕಂಡರೆ ದಯವಿಟ್ಟು ಕೂಗಿ ಹಿಂದೆ ಕರೆಯಿರಿ.

ಜೋರಾಗಿ ಕೂಗಿದರೆ ಹಿಮ ಕುಸಿಯುತ್ತದೆಯಂತೆ?

ಇಲ್ಲ. ಮನುಷ್ಯನ ದನಿಗೆ ಅಷ್ಟು ಬಲವಿಲ್ಲ. ಎಚ್ಚರಿಸಬೇಕಾದಾಗ ಧಾರಾಳವಾಗಿ ಕೂಗಿ.

ಮುನ್ನೆಚ್ಚರಿಕೆ ಎಲ್ಲಿ ಸಿಗುತ್ತದೆ?

ಭಾರತದ ಹಿಮಾಲಯಕ್ಕೆ ಹಿಮಕುಸಿತದ ಮುನ್ಸೂಚನೆ ಕೊಡುವುದು ಚಂಡೀಗಢದಲ್ಲಿರುವ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ, ಅಂದರೆ ಡಿಜಿಆರ್‌ಇ. ಇದು ಡಿಆರ್‌ಡಿಒ ಅಡಿಯಲ್ಲಿದೆ. ಮನಾಲಿಯಲ್ಲಿ 1969ರಲ್ಲಿ ಶುರುವಾದ ಹಿಮ ಅಧ್ಯಯನ ಸಂಸ್ಥೆಯನ್ನು ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿಸಿ 2020ರಲ್ಲಿ ಇದನ್ನು ರೂಪಿಸಿದರು. ರಾಜ್ಯಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಇದರ ಎಚ್ಚರಿಕೆಗಳನ್ನು ಪ್ರಕಟಿಸುತ್ತವೆ, ಸ್ಥಳೀಯ ಪತ್ರಿಕೆಗಳಲ್ಲೂ ಬರುತ್ತವೆ. ಜೊತೆಗೆ ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹೊರಡುವ ವಾರದಿಂದಲೇ ನೋಡುತ್ತಿರಿ.

ಈ ಎಚ್ಚರಿಕೆಗಳು ಜಿಲ್ಲೆ ಮತ್ತು ಎತ್ತರದ ಲೆಕ್ಕದಲ್ಲಿರುತ್ತವೆ: ಇಂಥ ಜಿಲ್ಲೆಯಲ್ಲಿ ಇಷ್ಟು ಮೀಟರ್ ಮೇಲೆ ಮಧ್ಯಮ ಅಪಾಯ ಎಂಬ ಹಾಗೆ. ಮಧ್ಯಮ ಎಂದರೆ ಪರವಾಗಿಲ್ಲ ಎಂದು ಓದಿಕೊಳ್ಳುವವರಿದ್ದಾರೆ. ಹಾಗಲ್ಲ. ಕೆಲವು ಇಳಿಜಾರುಗಳಲ್ಲಿ ಒಬ್ಬನ ಭಾರಕ್ಕೂ ಕುಸಿತ ಸಾಧ್ಯ ಎಂದೇ ತಿಳಿಯಬೇಕು. ನೀವು ದಾಟುವ ನಾಲಾದ ಬಗ್ಗೆ ಯಾವ ಪ್ರಕಟಣೆಯೂ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಆ ಕಣಿವೆಯ ಕುರುಬರು, ಹೇಸರಗತ್ತೆ ಹೊಡೆಯುವವರು, ಊರಿನ ಗೈಡ್‌ಗಳು. ಉತ್ತರಾಖಂಡದ ಸಾಂಕ್ರಿ ಊರಿನ ಹುಡುಗ ಇಲ್ಲಿ ಬೇಡ ಎಂದರೆ ಕಂಪನಿಯ ಕಿರುಹೊತ್ತಿಗೆಗಿಂತ ಅವನ ಮಾತೇ ದೊಡ್ಡದು.

ಅಪಾಯದ ಇಳಿಜಾರನ್ನು ದಾಟಲೇಬೇಕಾಗಿ ಬಂದರೆ?

ನಿಜಕ್ಕೂ ದಾಟಲೇಬೇಕೇ ಎಂದು ಮೊದಲು ಕೇಳಿಕೊಳ್ಳಿ. ಹೆಚ್ಚಿನ ಸಲ ಉತ್ತರ ಬೇಡ ಎಂದೇ ಬರುತ್ತದೆ.

ದಾಟಲೇಬೇಕು ಎಂದಾದರೆ ಒಬ್ಬೊಬ್ಬರಾಗಿ ದಾಟಿ. ಒಬ್ಬರು ದಾಟಿ ಸುರಕ್ಷಿತ ಜಾಗ ತಲುಪುವವರೆಗೆ ಉಳಿದವರು ಈಚೆ ನಿಂತು ಅವರ ಮೇಲೆ ಕಣ್ಣಿಟ್ಟಿರಬೇಕು. ಸುರಕ್ಷಿತ ಜಾಗ ಎಂದರೆ ಏಣಿನ ಮೇಲಿನ ದಿಬ್ಬ ಅಥವಾ ದಟ್ಟವಾದ ಹಳೆಯ ಕಾಡು. ಇಳಿಜಾರಿನ ನಡುವಿನ ಒಂಟಿ ಬಂಡೆಯಲ್ಲ. ಕೋಲಿನ ಪಟ್ಟಿಯಿಂದ ಮಣಿಕಟ್ಟು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹಿಮ ಕೋಲನ್ನು ಎಳೆಯುವಾಗ ಕೈಯನ್ನೂ ಎಳೆಯುತ್ತದೆ. ಸಾಧ್ಯವಾದಷ್ಟು ಮೇಲ್ಭಾಗದಲ್ಲಿ ದಾಟಿ, ನಡುವೆ ನಿಲ್ಲಬೇಡಿ. ಇಪ್ಪತ್ತು ಜನ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ನಡೆಯುವುದು ನಮ್ಮ ಚಾರಣ ತಂಡಗಳ ಅಭ್ಯಾಸ. ಹಿಮದಲ್ಲಿ ಅದನ್ನು ಬಿಡಲೇಬೇಕು.

ಟ್ರಾನ್ಸ್‌ಸೀವರ್, ಪ್ರೋಬ್, ಸಲಿಕೆ ಎಲ್ಲ ಬೇಕೇ?

ಗುಲ್ಮಾರ್ಗ್‌ನ ಅಫರ್ವತ್‌ನಲ್ಲಿ ಕೇಬಲ್ ಕಾರ್ ಇಳಿದು ಗೊತ್ತುಪಡಿಸಿದ ಸ್ಕೀ ದಾರಿಗಳ ಆಚೆ ಸ್ಕೀ ಮಾಡುವವರಿಗೆ, ಹಿಮದ ಪಾಸ್‌ಗಳನ್ನು ಸ್ವತಂತ್ರವಾಗಿ ದಾಟುವವರಿಗೆ ಈ ಮೂರೂ ಬೇಕೇ ಬೇಕು, ಅದೂ ಪ್ರತಿಯೊಬ್ಬರ ಬಳಿ. ಟ್ರಾನ್ಸ್‌ಸೀವರ್ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಬಿಡುತ್ತಿರುತ್ತದೆ. ಯಾರಾದರೂ ಹೂತುಹೋದಾಗ ಉಳಿದವರು ತಮ್ಮದನ್ನು ಹುಡುಕಾಟಕ್ಕೆ ತಿರುಗಿಸುತ್ತಾರೆ. ಪ್ರೋಬ್ ಎಂದರೆ ಮಡಚಬಲ್ಲ ಉದ್ದ ಸಲಾಕೆ, ಆಳ ತಿಳಿಯಲು. ಸಲಿಕೆ ಲೋಹದ್ದಾಗಿರಬೇಕು; ಒದ್ದೆ ಹಿಮಕ್ಕೆ ಪ್ಲಾಸ್ಟಿಕ್ ಮುರಿಯುತ್ತದೆ. ಮೊಬೈಲನ್ನು ಟ್ರಾನ್ಸ್‌ಸೀವರ್‌ನಿಂದ ಕನಿಷ್ಠ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಿ.

ನಮ್ಮ ದೇಶದ ವಾಣಿಜ್ಯ ಚಾರಣಗಳಲ್ಲಿ ಸಾಮಾನ್ಯವಾಗಿ ಇವು ಯಾವುವೂ ಇರುವುದಿಲ್ಲ. ಹಾಗಿರುವಾಗ ಕುಸಿತಕ್ಕೆ ಸಿಕ್ಕ ಮೇಲೆ ಉಳಿಯುವ ದಾರಿ ಬಹಳ ಕಿರಿದು. ಸಿಕ್ಕದಂತೆ ನಡೆಯುವುದೊಂದೇ ಉಪಾಯ.

ಕುಸಿತ ನನ್ನ ಮೇಲೆಯೇ ಬಂದರೆ?

ಕೂಗಿ, ಜೊತೆಗಾರರು ನಿಮ್ಮ ಕಡೆ ನೋಡಲಿ. ಅಂಚು ಹತ್ತಿರವಿದ್ದರೆ ಪಕ್ಕಕ್ಕೆ ಓಡಿ, ಕೆಳಕ್ಕಲ್ಲ. ಕೋಲು ಬಿಸಾಡಿ. ಸಿಕ್ಕಿಕೊಂಡರೆ ಕೈಕಾಲು ಬಡಿದು ಮೇಲೆ ಉಳಿಯಲು ಹೋರಾಡಿ. ಹಿಮದ ವೇಗ ತಗ್ಗುತ್ತಿದೆ ಅನಿಸಿದ ಕೂಡಲೇ ಒಂದು ಕೈಯನ್ನು ಮುಖದ ಮುಂದೆ ತಂದು ಬಾಯಿ, ಮೂಗಿನ ಎದುರು ಉಸಿರಿಗೆ ಜಾಗ ಮಾಡಿಕೊಳ್ಳಿ. ನಿಂತ ಮೇಲೆ ಅದು ಆಗುವುದಿಲ್ಲ.

ಜೊತೆಗಾರ ಹೂತುಹೋದರೆ ಮೊದಲು ಯಾರಿಗೆ ಫೋನ್ ಮಾಡಬೇಕು?

ಮೊದಲು ಹುಡುಕಿ. ಪೂರ್ತಿ ಹೂತವರಲ್ಲಿ ಸುಮಾರು 10 ನಿಮಿಷದೊಳಗೆ ಹೊರತೆಗೆದ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ ಎಂಬುದು ಸ್ವಿಟ್ಜರ್ಲೆಂಡ್‌ನ ದಶಕಗಳ ದಾಖಲೆಗಳಿಂದ ತಿಳಿದಿದೆ. ಅರ್ಧ ಗಂಟೆಯ ಹೊತ್ತಿಗೆ ಅದು ಮೂವರಲ್ಲಿ ಒಬ್ಬರಿಗೆ ಇಳಿಯುತ್ತದೆ. ಕಾರಣ ಚಳಿಯಲ್ಲ, ಉಸಿರುಗಟ್ಟುವುದು. ಹೆಲಿಕಾಪ್ಟರ್ ಬರುವ ಹೊತ್ತಿಗೆ ಈ ಲೆಕ್ಕ ಮುಗಿದಿರುತ್ತದೆ. ಬದುಕಿಸಬಲ್ಲವರು ಅಲ್ಲೇ ನಿಂತಿರುವ ನೀವೇ.

ಇನ್ನೊಂದು ಕುಸಿತ ಬರುವ ಸೂಚನೆ ಇಲ್ಲ ಎಂದು ನೋಡಿಕೊಳ್ಳಿ. ಅವರು ಕೊನೆಗೆ ಕಂಡ ಜಾಗವನ್ನು ಗುರುತಿಸಿ, ಅಲ್ಲಿಂದ ಕೆಳಗೆ ಹುಡುಕಿ. ಕೈಗವಸು, ಚೀಲ, ಬೂಟಿನ ತುದಿ ಏನು ಕಂಡರೂ ಎಳೆದು ನೋಡಿ. ಟ್ರಾನ್ಸ್‌ಸೀವರ್ ಇದ್ದರೆ ಎಲ್ಲರೂ ಹುಡುಕಾಟಕ್ಕೆ ತಿರುಗಿಸಿ. ಒಬ್ಬರು ಮರೆತರೂ ಅವರ ಸಂಕೇತವೇ ದಾರಿ ತಪ್ಪಿಸುತ್ತದೆ. ಸಂಕೇತ ಅತಿ ಬಲವಾದ ಕಡೆ ಪ್ರೋಬ್ ಚುಚ್ಚಿ, ಸುತ್ತು ಸುತ್ತಾಗಿ 25 ಸೆಂಟಿಮೀಟರ್ ಅಂತರದಲ್ಲಿ. ತಾಗಿದರೆ ಪ್ರೋಬನ್ನು ಅಲ್ಲಿಯೇ ಬಿಡಿ. ನೇರವಾಗಿ ಮೇಲಿನಿಂದ ಗುಂಡಿ ತೋಡಬೇಡಿ. ಇಳಿಜಾರಿನ ಕೆಳಬದಿಗೆ ಸರಿದು ಅಲ್ಲಿಂದ ಒಳಕ್ಕೆ ತೋಡಿದರೆ ಹಿಮ ಎತ್ತಿಹಾಕುವುದು ಸುಲಭ, ಹೂತವರ ಮೇಲೆ ನೀವು ನಿಲ್ಲುವುದೂ ತಪ್ಪುತ್ತದೆ. ಮೊದಲು ಮುಖ, ನಂತರ ಎದೆ. ಬಾಯಿಯ ಹಿಮ ತೆಗೆದು, ಉಸಿರಿಲ್ಲದಿದ್ದರೆ ಉಸಿರು ಕೊಡಿ. ಮೈ ತಣ್ಣಗಾದವರನ್ನು ಎತ್ತಿ ನಿಲ್ಲಿಸಬೇಡಿ, ತಿಕ್ಕಬೇಡಿ. ಮಲಗಿಸಿಯೇ ಮೆಲ್ಲಗೆ ಬೆಚ್ಚಗಿಡಿ.

ತಂಡ ದೊಡ್ಡದಿದ್ದರೆ ಒಬ್ಬರು 112ಕ್ಕೆ ಕರೆ ಮಾಡಲಿ. ಇಬ್ಬರೇ ಇದ್ದರೆ ಹುಡುಕಾಟ ಮುಗಿಯುವವರೆಗೆ ಯಾರೂ ಸಹಾಯ ಕೇಳಲು ಇಳಿದು ಹೋಗಬಾರದು.

ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಬದುಕಿದ್ದರಲ್ಲವೇ?

ಹೌದು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪನವರು ಮತ್ತು ಅವರ ಒಂಬತ್ತು ಜೊತೆಗಾರರ ಮೇಲೆ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮ ಬಿತ್ತು. ಆರು ದಿನಗಳ ನಂತರ ಅವರು ಜೀವಂತವಾಗಿ ಸಿಕ್ಕರು, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಕರ್ನಾಟಕ ಆ ದಿನಗಳಲ್ಲಿ ಉಸಿರು ಬಿಗಿಹಿಡಿದು ಕಾದಿತ್ತು. ಅವರು ಟೆಂಟಿನೊಳಗೆ ಉಳಿದ ಗಾಳಿಯ ಆಸರೆಯಿಂದ ಅಷ್ಟು ದಿನ ಉಳಿದರು. ಮಾಣಾದ ಕಾರ್ಮಿಕರಲ್ಲಿ ಹಲವರನ್ನು ಉಳಿಸಿದ್ದೂ ಕಬ್ಬಿಣದ ಕಂಟೇನರ್‌ಗಳ ಒಳಗಿದ್ದ ಗಾಳಿಯೇ. ಬಯಲಲ್ಲಿ ನಡೆಯುವಾಗ ಹೂತುಹೋದವರಿಗೆ ಆ ಆಸರೆ ಸಿಗುವುದಿಲ್ಲ. ಹನುಮಂತಪ್ಪನವರ ಸಾಹಸವನ್ನು ಗೌರವಿಸಿ, ಅದನ್ನು ನಿಮ್ಮ ಲೆಕ್ಕಾಚಾರಕ್ಕೆ ಆಧಾರ ಮಾಡಿಕೊಳ್ಳಬೇಡಿ.

ಚಾರಣ ಸಂಸ್ಥೆಗೆ ಹಣ ಕಟ್ಟುವ ಮೊದಲು ಏನು ಕೇಳಬೇಕು?

ಊಟದ ಪಟ್ಟಿ, ಸ್ಲೀಪಿಂಗ್ ಬ್ಯಾಗ್‌ಗಿಂತ ಮೊದಲು ಇವನ್ನು ಕೇಳಿ. ಹಿಮದ ದಿನ ಎಷ್ಟು ಗಂಟೆಗೆ ಹೊರಡುತ್ತೀರಿ, ಶಿಖರ ಸಿಗಲಿ ಬಿಡಲಿ ಎಷ್ಟು ಗಂಟೆಗೆ ಹಿಂತಿರುಗುತ್ತೀರಿ? ಬಿಡುವು ದಿನ ಇದೆಯೇ? ಹಿಂದಿನ ಋತುವಿನಲ್ಲಿ ಹವಾಮಾನದ ಕಾರಣಕ್ಕೆ ಯಾವುದಾದರೂ ತಂಡವನ್ನು ವಾಪಸ್ ಕರೆತಂದಿದ್ದೀರಾ? ತಂಡದ ಮುಖ್ಯ ಗೈಡ್ ಯಾವ ಸಂಸ್ಥೆಯಲ್ಲಿ ತರಬೇತಿ ಪಡೆದವರು? ವಾಕಿಟಾಕಿ, ಆಮ್ಲಜನಕ, ಸಲಿಕೆ ಇವೆಯೇ? ಒಂದು ಸಲವೂ ತಂಡವನ್ನು ಹಿಂದಕ್ಕೆ ಕರೆತಂದಿಲ್ಲ ಎಂದು ಹೆಮ್ಮೆಯಿಂದ ಹೇಳುವ ಸಂಸ್ಥೆಯ ಜೊತೆ ನಾನಂತೂ ಹೋಗುವುದಿಲ್ಲ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದ ಚಾರಣಿಗರ ತಂಡ ಹಿಮಬಿರುಗಾಳಿಗೆ ಸಿಕ್ಕಿ 9 ಮಂದಿಯನ್ನು ಕಳೆದುಕೊಂಡಿತು. ಅದು ಹಿಮಕುಸಿತವಲ್ಲ. ಜೂನ್ ತಿಂಗಳೂ 4,000 ಮೀಟರ್ ಮೇಲೆ ಕೆಲವೇ ಗಂಟೆಗಳಲ್ಲಿ ಚಳಿಗಾಲವಾಗಿ ತಿರುಗಬಲ್ಲದು ಎಂಬುದಕ್ಕೆ ನಮ್ಮವರೇ ತೆತ್ತ ಬೆಲೆ ಅದು. ಹವಾಮಾನ ಕೆಟ್ಟಾಗ ಹಿಂತಿರುಗುವ ದಾರಿ ಎಲ್ಲಿದೆ ಎಂಬುದನ್ನೂ ಕೇಳಿ.

ತಂಡದಲ್ಲಿ ಎಲ್ಲರೂ ಮುಂದುವರಿಯೋಣ ಎನ್ನುತ್ತಿದ್ದಾರೆ, ನನಗೊಬ್ಬನಿಗೆ ಭಯ. ಏನು ಮಾಡಲಿ?

ಹೇಳಿ, ಜೋರಾಗಿಯೇ ಹೇಳಿ. ಹಿಮದಲ್ಲಿ ಬಹುಮತದ ಪದ್ಧತಿ ಬೇಡ. ಒಬ್ಬರು ಬೇಡ ಎಂದರೆ ಹಿಂತಿರುಗುವುದು ಎಂದು ಹೊರಡುವ ಮೊದಲೇ ತಂಡ ಒಪ್ಪಿಕೊಂಡಿರಬೇಕು. ಅಷ್ಟು ದೂರದಿಂದ ಬಂದಿದ್ದೇವೆ, ಅಷ್ಟು ಹಣ ಕಟ್ಟಿದ್ದೇವೆ, ಮುಂದೆ ಹೋದವರ ಹೆಜ್ಜೆಗಳು ಕಾಣುತ್ತಿವೆ: ಈ ಮೂರೂ ಇಳಿಜಾರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅನುಭವಿಗಳಿದ್ದಾರೆ ಎಂಬ ಸಮಾಧಾನವೂ ಸಾಲದು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾ–2 ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಅಥವಾ ಕಾಣೆಯಾದ 29 ಮಂದಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದವರು.

ನಾವು ಚಾರಣಿಗರಲ್ಲ, ಕೇದಾರನಾಥಕ್ಕೆ ಹೋಗುತ್ತಿದ್ದೇವೆ. ನಮಗೂ ಇದು ಅನ್ವಯಿಸುತ್ತದೆಯೇ?

ಬಾಗಿಲು ತೆರೆದ ಮೊದಲ ವಾರಗಳಲ್ಲಿ ಹೋಗುವುದಾದರೆ ಖಂಡಿತ. ಆಗ ಕೇದಾರನಾಥದ ಕಾಲುದಾರಿಯ ಮೇಲ್ಭಾಗದಲ್ಲಿ ಹಿಮವನ್ನು ಕಡಿದು ದಾರಿ ಮಾಡಿರುತ್ತಾರೆ. ನಾಲಾಗಳು ಅಡ್ಡಬರುವ ಕಡೆ ಮೇಲಿನಿಂದ ಹಿಮ ಜಾರುವುದುಂಟು. ಪೊಲೀಸರು ಅಥವಾ ರಾಜ್ಯ ವಿಪತ್ತು ಸ್ಪಂದನಾ ಪಡೆಯ (ಎಸ್‌ಡಿಆರ್‌ಎಫ್) ಸಿಬ್ಬಂದಿ ನಿಲ್ಲಿಸಿದರೆ ವಾದ ಮಾಡಬೇಡಿ. ನಾಥುಲಾ ದುರಂತದ ದಿನ 13ನೇ ಮೈಲಿಯವರೆಗೆ ಮಾತ್ರ ಅನುಮತಿ ಇತ್ತು, ಪ್ರವಾಸಿಗರು ಅದನ್ನು ದಾಟಿ ಹೋಗಿದ್ದರು ಎಂದು ಅಧಿಕಾರಿಗಳು ತಿಳಿಸಿದ್ದರು. ರಸ್ತೆ ಪಕ್ಕದ ಹಿಮದ ದಿಬ್ಬದಲ್ಲಿ ಮಕ್ಕಳನ್ನು ಆಡಲು ಬಿಡುವ ಮೊದಲು ತಲೆ ಎತ್ತಿ ಮೇಲೇನಿದೆ ಎಂದು ನೋಡಿ.

ಅಮೆರಿಕದಿಂದ ಸ್ಯಾಟಲೈಟ್ ಸಂದೇಶ ಸಾಧನ ತಂದರೆ ಒಳ್ಳೆಯದಲ್ಲವೇ?

ತರಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್‌ಗಳನ್ನೂ ಅಂಥ ಸಂದೇಶ ಸಾಧನಗಳನ್ನೂ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಚಾರಣಿಗರನ್ನು ಇದೇ ಕಾರಣಕ್ಕೆ ವಶಕ್ಕೆ ಪಡೆದದ್ದುಂಟು. ಅದರ ಬದಲು ಹೊರಡುವ ದಿನ ಮನೆಯವರಿಗೆ ಒಂದು ಹಾಳೆ ಬರೆದುಕೊಡಿ: ಪ್ರತಿ ದಿನದ ಕ್ಯಾಂಪ್, ಗೈಡ್‌ನ ಹೆಸರು ಮತ್ತು ಫೋನ್, ಹತ್ತಿರದ ಪೊಲೀಸ್ ಠಾಣೆ, ಯಾವ ದಿನ ಎಷ್ಟು ಗಂಟೆಯೊಳಗೆ ನಿಮ್ಮಿಂದ ಕರೆ ಬರದಿದ್ದರೆ ಅವರು ವಿಚಾರಿಸಲು ಶುರುಮಾಡಬೇಕು ಎಂಬುದು. ಅದೇ ಹಾಳೆಯ ಇನ್ನೊಂದು ಪ್ರತಿಯನ್ನು ರಸ್ತೆ ಕೊನೆಗೊಳ್ಳುವ ಊರಿನಲ್ಲಿ ನೀವು ತಂಗಿದ ಮನೆಯವರ ಕೈಗೂ ಕೊಟ್ಟು ಹತ್ತಲು ಶುರುಮಾಡಿ.